ಬೇಲಿಯ ಎಲಚಿ ಸವಿಯಿರಿ, ಪಕ್ಕದ ಲಂಟಾನ ಗುರುತಿಸಿ



ಸಂಕ್ರಾಂತಿಯ ಹೊತ್ತಿಗೆ ಹೊಲದ ಬದು, ಕೆರೆ ಏರಿ, ಗೋಮಾಳಗಳಲ್ಲಿ ಎಲಚಿ ಹಣ್ಣಾಗುತ್ತದೆ. ಉತ್ತರ ಕರ್ನಾಟಕದವರಿಗೆ ಇದು ಬಾರೆ ಹಣ್ಣು. ನಮ್ಮ ಕಡೆ ಹಬ್ಬದ ದಿನ ಸಣ್ಣ ಮಕ್ಕಳ ತಲೆಯ ಮೇಲೆ ಎಲಚಿ, ಕಬ್ಬಿನ ಚೂರು, ಕಾಸು ಸೇರಿಸಿ ಎರೆಯುತ್ತಾರೆ. ಅದೇ ಸಂಜೆ ದನಗಳನ್ನು ಕಿಚ್ಚು ಹಾಯಿಸುತ್ತೇವೆ.

ಕಳೆದ ವರ್ಷ ಹಬ್ಬ ಮುಗಿದ ವಾರ ಒಂದು ಊರಿನಲ್ಲಿ ಹುಡುಗರು ಹಸುವನ್ನು ಬೇಲಿಯ ಪಕ್ಕ ಕಟ್ಟಿ ಎಲಚಿ ಕೀಳಲು ಹೋದರು. ಸಂತೆಯಿಂದ ಹೊಸದಾಗಿ ತಂದಿದ್ದ ಎಚ್‌.ಎಫ್. ಮಿಶ್ರತಳಿ ಹಸು, ಹಸಿದಿತ್ತು. ಎಲಚಿಗೆ ಹೆಣೆದುಕೊಂಡಿದ್ದ ಲಂಟಾನ ಸೊಪ್ಪನ್ನು ಮೇಯಿತು. ನನಗೆ ಕರೆ ಬಂದದ್ದು ಐದನೇ ದಿನ. ಹಸು ಉಳಿಯಲಿಲ್ಲ.

ಎಲಚಿಯ ಗುರುತು

ಎಲೆಗಳು ಕಡ್ಡಿಯಲ್ಲಿ ಒಂದಾದ ಮೇಲೊಂದು ಇರುತ್ತವೆ. ಎಲೆಯ ಬುಡದಿಂದ ಮೂರು ನರ ಎದ್ದು ಕಾಣುತ್ತವೆ. ಮೇಲ್ಭಾಗ ಹೊಳೆಯುವ ಹಸಿರು, ಕೆಳಭಾಗ ಬಿಳಿಚು. ಎಲೆಯ ಬುಡದಲ್ಲಿ ಮುಳ್ಳು. ಜೋಡಿ ಇದ್ದರೆ ಸಾಮಾನ್ಯವಾಗಿ ಒಂದು ನೇರ, ಇನ್ನೊಂದು ಕೊಕ್ಕೆ. ಹಣ್ಣಿನೊಳಗೆ ಒಂದೇ ಗಟ್ಟಿ ಬೀಜ.

ಲಂಟಾನದ ಗುರುತು

ಎಲೆಗಳು ಎದುರುಬದುರು ಜೋಡಿಯಾಗಿರುತ್ತವೆ, ಮುಟ್ಟಿದರೆ ಒರಟು, ಹೊಸಕಿದರೆ ಕಟುವಾಸನೆ. ಕಾಂಡ ಚೌಕ. ಪುಟ್ಟ ಬಣ್ಣದ ಹೂಗಳ ಗೊಂಚಲು, ಆಮೇಲೆ ಹಸಿರು ಕಾಯಿ, ಮಾಗಿದಾಗ ಕಪ್ಪು. ಹಸಿರು ಕಾಯಿಯನ್ನು ಮಕ್ಕಳು ಬಾಯಿಗೆ ಹಾಕದಂತೆ ನೋಡಿಕೊಳ್ಳಿ.

ತಿನ್ನುವ ಬಗೆ

ಹಳದಿಯಿಂದ ಕೆಂಗಂದು ಬಣ್ಣಕ್ಕೆ ತಿರುಗಿದ ಹಣ್ಣು ರುಚಿ. ತೊಳೆದು, ಬಿಡಿಸಿ, ಹುಳು ಇಲ್ಲವೆಂದು ನೋಡಿ ತಿನ್ನಿ. ದೋರೆಗಾಯಿಗೆ ಉಪ್ಪು, ಖಾರದಪುಡಿ ಸಾಕು. ಹೆಚ್ಚು ಸಿಕ್ಕರೆ ಉಪ್ಪು, ಮೆಣಸಿನಕಾಯಿ, ಬೆಲ್ಲ ಸೇರಿಸಿ ಕುಟ್ಟಿ, ತಟ್ಟಿ ಬಿಸಿಲಿಗೆ ಒಣಗಿಸಿ ಇಟ್ಟುಕೊಳ್ಳಬಹುದು. ಇದರಲ್ಲಿ ಸಿ ಜೀವಸತ್ವ ಚೆನ್ನಾಗಿದೆ. ಚಿಕ್ಕ ಮಕ್ಕಳಿಗೆ ಬೀಜ ತೆಗೆದೇ ಕೊಡಿ, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಎಲಚಿ ಸೊಪ್ಪು ಆಡು, ಕುರಿಗಳಿಗೆ ಒಳ್ಳೆಯ ಮೇವು. ಒಗರಿನ ಅಂಶ ಇರುವುದರಿಂದ ಬೇರೆ ಮೇವಿನೊಂದಿಗೆ ಬೆರೆಸಿ ಕೊಡಿ.

ದನ ಲಂಟಾನ ತಿಂದರೆ

ಪರಿಚಯವಿರುವ ದನ ಸಾಮಾನ್ಯವಾಗಿ ಲಂಟಾನ ಮುಟ್ಟುವುದಿಲ್ಲ. ಹಸಿದ ಅಥವಾ ಹೊಸದಾಗಿ ತಂದ ದನ ತಿನ್ನುತ್ತದೆ. ವಿಷ ಯಕೃತ್ತಿಗೆ ಪೆಟ್ಟು ಕೊಡುತ್ತದೆ. ಮೊದಲು ಮೇವು ಬಿಡುತ್ತದೆ, ಮೆಲುಕು ನಿಲ್ಲುತ್ತದೆ, ಸಗಣಿ ಗಟ್ಟಿಯಾಗುತ್ತದೆ. ಬಳಿಕ ಕಣ್ಣು ಹಳದಿಯಾಗುತ್ತದೆ, ಬಿಸಿಲು ಬಿದ್ದ ಬಿಳಿ ಮಚ್ಚೆಗಳಲ್ಲಿ ಚರ್ಮ ಸುಟ್ಟಂತೆ ಸುಲಿಯುತ್ತದೆ. ತಿಂದ ಸೊಪ್ಪು ಹೊಟ್ಟೆಯಲ್ಲೇ ನಿಂತು ವಿಷ ದಿನವೂ ರಕ್ತಕ್ಕೆ ಸೇರುತ್ತಿರುತ್ತದೆ. ಆದ್ದರಿಂದ ಮೇವು ಬಿಟ್ಟ ಮೊದಲ ದಿನವೇ ವೈದ್ಯರನ್ನು ಕರೆಸಿ. ಅವರು ಬರುವವರೆಗೆ ದನವನ್ನು ನೆರಳಿನಲ್ಲಿ ಕಟ್ಟಿ, ನೀರಿಡಿ. ಗೊಟ್ಟದಲ್ಲಿ ಎಣ್ಣೆ, ಕಷಾಯ ಹಾಕಬೇಡಿ. ಶ್ವಾಸಕೋಶಕ್ಕೆ ಹೋಗುವ ಅಪಾಯವಿದೆ.

ಈ ವಾರ ನಿಮ್ಮ ಬೇಲಿಯನ್ನು ಒಮ್ಮೆ ಸುತ್ತಿ ಬನ್ನಿ. ಎಲಚಿಯನ್ನು ಉಳಿಸಿ, ಲಂಟಾನವನ್ನು ಬೇರುಸಹಿತ ಕೀಳಿ. ಕಿತ್ತದ್ದನ್ನು ದನ ಕಟ್ಟುವ ಜಾಗದ ಹತ್ತಿರ ಹಾಕಬೇಡಿ, ಒಣಗಿದರೂ ಅದು ವಿಷವೇ.