ವಿದ್ಯುತ್ ಟ್ರಕ್ಕಿಗೆ ಬದಲಿ ಟೈರು: ದರಕ್ಕಿಂತ ಮೊದಲು ಹೊರೆಯ ಅಂಕಿ

ವಿದ್ಯುತ್ ಟ್ರಕ್ಕುಗಳನ್ನು ಖರೀದಿಸಿರುವ ಉದ್ಯಮಿಗಳಿಗೆ, ಮೊದಲ ಟೈರುಗಳು ಸವೆದಾಗ, ಅದೇ ಅಳತೆಯ ಅಗ್ಗದ ಟೈರು ಸಾಕಲ್ಲವೇ ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ಅಳತೆಯೊಂದೇ ಸಾಲದು. ಬ್ಯಾಟರಿಯ ತೂಕದಿಂದಾಗಿ ಈ ವಾಹನಗಳು ಸರಕು ತುಂಬುವ ಮೊದಲೇ ಸಾಮಾನ್ಯವಾಗಿ ಡೀಸೆಲ್ ವಾಹನಗಳಿಗಿಂತ ಭಾರವಾಗಿರುತ್ತವೆ.

ಆದುದರಿಂದ ಟೈರಿನ ಪಕ್ಕೆಯಲ್ಲಿ ಅಚ್ಚಾಗಿರುವ ಲೋಡ್ ಇಂಡೆಕ್ಸನ್ನು ಮೊದಲು ಗಮನಿಸತಕ್ಕದ್ದು. 295/80 ಆರ್ 22.5 ಅಳತೆಯ ಟೈರಿನ ಮೇಲೆ 152/148 ಎಂದಿದ್ದರೆ, ಒಂಟಿಯಾಗಿ ಜೋಡಿಸಿದಾಗ 3,550 ಕಿಲೋ, ಜೋಡಿ ಚಕ್ರದಲ್ಲಿ ತಲಾ 3,150 ಕಿಲೋ ಹೊರಬಲ್ಲದು. ಅದೇ ಅಳತೆಯಲ್ಲಿ 154/149 ಸಹ ದೊರೆಯುತ್ತದೆ. ಅದು ಹೊರುವುದು ಕ್ರಮವಾಗಿ 3,750 ಹಾಗೂ 3,250 ಕಿಲೋ. ಅಂದರೆ ಮುಂದಿನ ಆಕ್ಸಲ್ ಒಂದರಲ್ಲಿಯೇ 400 ಕಿಲೋ ವ್ಯತ್ಯಾಸ! ವಾಹನ ತಯಾರಕರು ಸೂಚಿಸಿದ ಅಂಕಿಗಿಂತ ಕಡಿಮೆಯದನ್ನು ಎಷ್ಟೇ ರಿಯಾಯಿತಿಗೂ ಒಪ್ಪಬಾರದು.

ವಿದ್ಯುತ್ ಮೋಟಾರು ನಿಂತಲ್ಲಿಂದಲೇ ಪೂರ್ಣ ಸೆಳೆತ ನೀಡುವುದರಿಂದ ಚಾಲಕ ಚಕ್ರಗಳ ಟೈರು ಬೇಗ ಸವೆಯುತ್ತದೆ. ಉರುಳು ಪ್ರತಿರೋಧ ಕಡಿಮೆಯಿರುವ ಟೈರಿನಿಂದ ಒಂದು ಚಾರ್ಜಿಗೆ ಕ್ರಮಿಸುವ ದೂರ ಹೆಚ್ಚುವುದು ನಿಜ. ಆದರೆ ಮಳೆಗಾಲದ ಘಾಟಿ ರಸ್ತೆಯಲ್ಲಿ ಓಡುವ ವಾಹನಕ್ಕೆ ಒದ್ದೆ ನೆಲದ ಹಿಡಿತವೇ ಮುಖ್ಯ.

ಗೋದಾಮಿನಲ್ಲಿ ಕೂತ ಹಳೆಯ ಸರಕಿನ ಬಗೆಗೂ ಎಚ್ಚರವಿರಲಿ. 3224 ಎಂದಿದ್ದರೆ ಅದು 2024ರ 32ನೆಯ ವಾರದ ತಯಾರಿಕೆ. ಈ ಅಂಕಿಯನ್ನೂ ಲೋಡ್ ಇಂಡೆಕ್ಸನ್ನೂ ಬಿಲ್ಲಿನಲ್ಲಿಯೇ ಬರೆಸಿಕೊಳ್ಳುವುದು ಲೇಸು.