ಹುಳುಕಡ್ಡಿಯೂ ಅದರ ಮದ್ದೂ

ಹುಳುಕಡ್ಡಿಯೆಂದು ನಮ್ಮ ಹಿರಿಯರು ಹೆಸರಿಟ್ಟ ಚರ್ಮರೋಗದಲ್ಲಿ ಹುಳುವಿಲ್ಲ. ಅಂಚು ಕೆಂಪಾಗಿ, ನಡುವೆ ತಿಳಿಯಾಗಿ, ಉಂಗುರದಂತೆ ಹರಡುವ ಆ ಕಲೆಯನ್ನು ಕಂಡು, ಯಾವುದೋ ಕ್ರಿಮಿಯು ಸುತ್ತುತ್ತ ಚರ್ಮವನ್ನು ತಿನ್ನುತ್ತಿರುವುದೆಂದು ಅವರು ಊಹಿಸಿದುದು ಸಹಜವೇ. ವಾಸ್ತವವಾಗಿ ಅಲ್ಲಿರುವುದು ಬೂಷ್ಟು. ಮಳೆಗಾಲದಲ್ಲಿ ಹಳಸಿದ ರೊಟ್ಟಿಯ ಮೇಲೂ, ಒದ್ದೆ ಗೋಡೆಯ ಮೇಲೂ, ಮೂಲೆಯಲ್ಲಿಟ್ಟ ಚರ್ಮದ ಚಪ್ಪಲಿಯ ಮೇಲೂ ಕಾಣಿಸಿಕೊಳ್ಳುವ ಬೂಷ್ಟಿನ ದಾಯಾದಿ ಅದು. ಶಾಸ್ತ್ರಜ್ಞರು ಇವೆಲ್ಲಕ್ಕೂ ಶಿಲೀಂಧ್ರಗಳೆಂಬ ಒಂದೇ ಹೆಸರನ್ನಿಟ್ಟಿದ್ದಾರೆ. ಅಣಬೆಯೂ ಈ ಕುಲಕ್ಕೇ ಸೇರಿದುದು. ಹುಳುಕಡ್ಡಿಯ ಶಿಲೀಂಧ್ರವು ನಮ್ಮ ಹೊರಚರ್ಮ, ಕೂದಲು, ಉಗುರುಗಳಲ್ಲಿರುವ ಕೆರಾಟಿನ್ ಎಂಬ ವಸ್ತುವನ್ನು ಉಂಡು ಬದುಕುತ್ತದೆ.

ಈ ಶತ್ರುವನ್ನು ಕೊಲ್ಲುವುದು ಬ್ಯಾಕ್ಟೀರಿಯಗಳನ್ನು ಕೊಲ್ಲುವುದಕ್ಕಿಂತ ಕಷ್ಟ. ಬ್ಯಾಕ್ಟೀರಿಯದ ಜೀವಕೋಶವು ನಮ್ಮದಕ್ಕಿಂತ ಬಹು ಭಿನ್ನವಾದುದು. ಶಿಲೀಂಧ್ರದ ಕೋಶವಾದರೋ ಬಹುಮಟ್ಟಿಗೆ ನಮ್ಮ ಕೋಶವನ್ನೇ ಹೋಲುತ್ತದೆ. ಆದಕಾರಣ ಅದಕ್ಕೆ ವಿಷವಾದುದು ನಮಗೂ ವಿಷವಾಗುವ ಸಂಭವ ಹೆಚ್ಚು. ಆದರೂ ಭೇದವೊಂದುಂಟು. ಕೋಶವನ್ನು ಸುತ್ತುವರಿದ ತೆಳುಪೊರೆಯು ಭದ್ರವಾಗಿರಲು ನಮ್ಮ ದೇಹವು ಕೊಲೆಸ್ಟೆರಾಲ್ ಎಂಬ ಜಿಡ್ಡನ್ನು ಉಪಯೋಗಿಸಿದರೆ, ಶಿಲೀಂಧ್ರವು ಎರ್ಗೊಸ್ಟೆರಾಲ್ ಎಂಬ ಬೇರೊಂದನ್ನು ಉಪಯೋಗಿಸುತ್ತದೆ. ಇಂದು ನಾವು ಕೊಳ್ಳುವ ಮದ್ದುಗಳಲ್ಲಿ ಬಹುಪಾಲು ಈ ಸಣ್ಣ ಭೇದವನ್ನೇ ಗುರಿಯಾಗಿಟ್ಟುಕೊಂಡವು.

ಕ್ಲೊಟ್ರಿಮಜೋಲ್, ಮೈಕೊನಜೋಲ್, ಫ್ಲುಕೊನಜೋಲ್, ಇಟ್ರಕೊನಜೋಲ್ ಮುಂತಾದ ‘ಅಜೋಲ್’ ಮನೆತನದವು ಎರ್ಗೊಸ್ಟೆರಾಲಿನ ತಯಾರಿಕೆಯನ್ನು ನಡುವೆ ತಡೆದು ನಿಲ್ಲಿಸುತ್ತವೆ. ಪೊರೆ ದುರ್ಬಲವಾಗಿ ಬೆಳವಣಿಗೆ ನಿಲ್ಲುತ್ತದೆ. ಟರ್ಬಿನಫಿನ್ ಎಂಬುದು ಅದೇ ತಯಾರಿಕೆಯನ್ನು ಇನ್ನೂ ಮೊದಲಿನ ಹಂತದಲ್ಲಿಯೇ ಕಟ್ಟುತ್ತದೆ. ಆಗ ಮುಂದಕ್ಕೆ ಹೋಗಲಾರದ ಕಚ್ಚಾ ಪದಾರ್ಥವು ಕೋಶದೊಳಗೇ ಗುಡ್ಡೆಬಿದ್ದು ಶಿಲೀಂಧ್ರವನ್ನು ಕೊಲ್ಲುತ್ತದೆ. ನಿಸ್ಟಾಟಿನ್ ಮತ್ತು ಆಂಫೊಟೆರಿಸಿನ್ ಎಂಬವು ತಯಾರಿಕೆಯ ಗೊಡವೆಗೆ ಹೋಗದೆ, ಸಿದ್ಧವಾದ ಎರ್ಗೊಸ್ಟೆರಾಲನ್ನೇ ಹಿಡಿದು ಪೊರೆಯನ್ನು ಕೆಡಿಸಿ ಸೋರುವಂತೆ ಮಾಡುತ್ತವೆ. ನಿಸ್ಟಾಟಿನ್ನನ್ನು ಕಂಡುಹಿಡಿದವರು ಎಲಿಜಬೆತ್ ಹೇಜನ್ ಮತ್ತು ರೇಚಲ್ ಬ್ರೌನ್ ಎಂಬ ಇಬ್ಬರು ಅಮೆರಿಕದ ಮಹಿಳೆಯರು. 1950ರಲ್ಲಿ ಅದನ್ನು ಲೋಕಕ್ಕೆ ತಿಳಿಸಿ, ತಾವು ಕೆಲಸಮಾಡುತ್ತಿದ್ದ ನ್ಯೂಯಾರ್ಕ್ ಸಂಸ್ಥಾನದ ಹೆಸರನ್ನೇ ಅದಕ್ಕಿಟ್ಟರು. ಅದರಿಂದ ಬಂದ ಹಣವನ್ನು ಸಂಶೋಧನೆಗೇ ಬಿಟ್ಟುಕೊಟ್ಟರು.

ಇಷ್ಟು ಒಳ್ಳೆಯ ಮದ್ದುಗಳಿದ್ದೂ ಕೆಲವು ಮನೆಗಳಲ್ಲಿ ಹುಳುಕಡ್ಡಿಯು ವರ್ಷಗಟ್ಟಲೆ ಬೀಡುಬಿಟ್ಟಿರುವುದೇಕೆ? ಮುಖ್ಯ ಕಾರಣಗಳಲ್ಲೊಂದು ಅಂಗಡಿಯಲ್ಲಿ ದೊರೆಯುವ ಮಿಶ್ರಣದ ಮುಲಾಮು. ಶಿಲೀಂಧ್ರದ ಮದ್ದಿನೊಡನೆ ಬಲವಾದ ಸ್ಟೀರಾಯ್ಡನ್ನು ಸೇರಿಸಿದ ಕೊಳವೆ ಅದು. ಹಚ್ಚಿದ ಎರಡು ದಿನಗಳಲ್ಲಿ ತುರಿಕೆ ಅಡಗುತ್ತದೆ, ಕೆಂಪು ಇಳಿಯುತ್ತದೆ. ಮನೆಯವರು ‘ರಾಮಬಾಣ’ವೆಂದು ಕೊಂಡಾಡಿ ನೆರೆಮನೆಗೂ ಹೇಳುತ್ತಾರೆ. ಆದರೆ ತುರಿಕೆಯೂ ಕೆಂಪೂ ದೇಹವು ಶತ್ರುವಿನೊಡನೆ ಹೋರಾಡುತ್ತಿರುವುದರ ಚಿಹ್ನೆಗಳು. ಸ್ಟೀರಾಯ್ಡು ಆ ಹೋರಾಟವನ್ನು ನಿಲ್ಲಿಸುತ್ತದೆಯೇ ಹೊರತು ಶಿಲೀಂಧ್ರವನ್ನಲ್ಲ. ಕಾವಲುಗಾರನಿಗೆ ನಿದ್ದೆಮದ್ದು ಕೊಟ್ಟಂತೆ. ಮುಲಾಮನ್ನು ಬಿಟ್ಟೊಡನೆ ರೋಗವು ಮೊದಲಿಗಿಂತ ಅಗಲವಾಗಿ ಮರಳುತ್ತದೆ. ಉಂಗುರದ ಆಕಾರ ಕಲೆಸಿಹೋಗಿ, ವೈದ್ಯರಿಗೂ ಗುರುತಿಸುವುದು ಕಷ್ಟವಾಗುತ್ತದೆ. ತೊಡೆಯ ಸಂದು, ಕಂಕುಳುಗಳಲ್ಲಿ ಚರ್ಮವು ತೆಳುವಾಗಿ, ಮತ್ತೆಂದೂ ಮಾಸದ ಬರೆಗಳು ಬೀಳಬಹುದು. ಭಾರತ ಸರ್ಕಾರವು 2018ರಲ್ಲಿ ಹಲವು ಸ್ಟೀರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ನಿಯಮ ಮಾಡಿತು. ನಿಯಮವೇನೋ ಆಯಿತು; ಕೊಳ್ಳುವವನ ಎಚ್ಚರವೂ ಬೇಕಷ್ಟೆ. ಕೊಳವೆಯ ಮೇಲೆ ಕ್ಲೊಬೆಟಸಾಲ್, ಬೀಟಾಮೆಥಸೋನ್, ಬೆಕ್ಲೊಮೆಥಸೋನ್, ಮೊಮೆಟಸೋನ್ ಎಂಬ ಹೆಸರುಗಳಿದ್ದರೆ, ವೈದ್ಯರು ಬರೆದುಕೊಟ್ಟಿಲ್ಲದ ಪಕ್ಷದಲ್ಲಿ ಅದನ್ನು ಹಿಂದಿರುಗಿಸಿಬಿಡುವುದು ಲೇಸು.

ಸಾಲದುದಕ್ಕೆ ಶಿಲೀಂಧ್ರವೂ ಕಲಿತಿದೆ. ನಮ್ಮ ದೇಶದಲ್ಲಿ ಬಹುವಾಗಿ ಹಬ್ಬಿರುವ ಒಂದು ಜಾತಿಗೆ 2020ರಲ್ಲಿ ಟ್ರೈಕೊಫೈಟನ್ ಇಂಡೊಟೀನಿಯೆ ಎಂದು ಹೆಸರಿಡಲಾಯಿತು. ಅದರ ಅನೇಕ ತಳಿಗಳಿಗೆ ಟರ್ಬಿನಫಿನ್ ನಾಟುವುದಿಲ್ಲ. ಇಂತಹ ರೋಗಿಗೆ ವೈದ್ಯರು ಬೇರೆ ಮದ್ದನ್ನು, ಹೆಚ್ಚು ಕಾಲ, ಕೊಡಬೇಕಾಗುತ್ತದೆ.

ಹಚ್ಚುವುದಕ್ಕೂ ಒಂದು ಕ್ರಮವುಂಟು. ಚರ್ಮವನ್ನು ತೊಳೆದು, ಚೆನ್ನಾಗಿ ಒರಸಿ ಒಣಗಿಸಿ, ಕಲೆಯ ಮೇಲೆ ಮಾತ್ರವಲ್ಲದೆ ಅಂಚಿನಿಂದಾಚೆಗೆ ಸುಮಾರು 2 ಸೆಂಟಿಮೀಟರ್, ಅಂದರೆ ಹೆಬ್ಬೆರಳಿನಗಲದಷ್ಟು, ತೆಳುವಾಗಿ ಸವರಬೇಕು. ಶಿಲೀಂಧ್ರವು ಕಣ್ಣಿಗೆ ಕಾಣುವ ಗೆರೆಯನ್ನು ದಾಟಿ ಮುಂದೆ ಹೋಗಿರುತ್ತದೆ. ಕಲೆ ಮಾಯವಾದ ದಿನವೇ ನಿಲ್ಲಿಸದೆ ಇನ್ನೊಂದೆರಡು ವಾರ ಮುಂದುವರಿಸುವುದು ವಾಡಿಕೆ. ಒಬ್ಬನಿಗೆ ಮದ್ದು ಹಚ್ಚಿ, ಅದೇ ಟವೆಲಿನಲ್ಲಿ ಮೈಯೊರಸಿಕೊಳ್ಳುವ ತಮ್ಮನ ತುರಿಕೆಯನ್ನು ಮರೆತರೆ ಫಲವಿಲ್ಲ. ಮನೆಯವರೆಲ್ಲರನ್ನೂ ಒಟ್ಟಿಗೆ ನೋಡಿಸಬೇಕು. ಒಳಉಡುಪುಗಳನ್ನು ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕುವ ನಮ್ಮ ಅಜ್ಜಿಯರ ಪದ್ಧತಿಯನ್ನು ಇಲ್ಲಿ ಮೆಚ್ಚಲೇಬೇಕು.

ಗುಳಿಗೆಗಳ ವಿಷಯ ಬೇರೆ. ಮುಲಾಮು ಬಹುಮಟ್ಟಿಗೆ ಚರ್ಮದಲ್ಲೇ ನಿಲ್ಲುತ್ತದೆ. ಗುಳಿಗೆಯು ಯಕೃತ್ತನ್ನು ಹಾದುಹೋಗುತ್ತದೆ. ಕೀಟೊಕೊನಜೋಲ್ ಗುಳಿಗೆಯಿಂದ ಯಕೃತ್ತಿಗೆ ತೀವ್ರ ಹಾನಿಯಾಗುವುದೆಂದು 2013ರಲ್ಲಿ ಐರೋಪ್ಯ ಔಷಧ ಸಂಸ್ಥೆಯು ಶಿಲೀಂಧ್ರರೋಗಗಳಿಗೆ ಅದರ ಬಳಕೆಯನ್ನು ನಿಲ್ಲಿಸುವಂತೆ ಸೂಚಿಸಿತು. ಯಕೃತ್ತಿನ ಬೇನೆಯುಳ್ಳವರಿಗೆ ಟರ್ಬಿನಫಿನ್ ಗುಳಿಗೆಯೂ, ಹೃದಯದ ದೌರ್ಬಲ್ಯವುಳ್ಳವರಿಗೆ ಇಟ್ರಕೊನಜೋಲೂ ಸಾಮಾನ್ಯವಾಗಿ ಸಲ್ಲವು. ಅಜೋಲ್ ಗುಳಿಗೆಗಳು ಬೇರೆ ಮದ್ದುಗಳು ದೇಹದಲ್ಲಿ ಕರಗುವುದನ್ನೂ ತಡೆಯುತ್ತವೆ. ರಕ್ತ ಹೆಪ್ಪುಗಟ್ಟದಿರಲು ವಾರ್ಫರಿನ್ ತೆಗೆದುಕೊಳ್ಳುವ ಮುದುಕರು ಫ್ಲುಕೊನಜೋಲನ್ನು ಸೇರಿಸಿಕೊಂಡರೆ ರಕ್ತಸ್ರಾವವಾದೀತು. ಕೊಲೆಸ್ಟೆರಾಲಿಗೆ ಸಿಂವಸ್ಟಾಟಿನ್ ನುಂಗುವವರು ಇಟ್ರಕೊನಜೋಲನ್ನು ಮುಟ್ಟಬಾರದು. ಬಸುರಿಯರು ವೈದ್ಯರ ಅಪ್ಪಣೆಯಿಲ್ಲದೆ ಈ ಗುಳಿಗೆಗಳಾವುವನ್ನೂ ನುಂಗತಕ್ಕದ್ದಲ್ಲ. ವೈದ್ಯರ ಮುಂದೆ ಕುಳಿತಾಗ ಮನೆಯಲ್ಲಿ ತೆಗೆದುಕೊಳ್ಳುವ ಮದ್ದುಗಳೆಲ್ಲವನ್ನೂ ಹೇಳಬೇಕು. ಮರಳಿ ಮರಳಿ ಹುಳುಕಡ್ಡಿಯೋ ಬಾಯಿಯ ಬಿಳಿಹುಣ್ಣೋ ಬರುತ್ತಿದ್ದರೆ ಸಕ್ಕರೆಯ ಪರೀಕ್ಷೆಯನ್ನೂ ಮಾಡಿಸುವುದುಚಿತ.

ಉಗುರಿಗೆ ಹತ್ತಿದ ಶಿಲೀಂಧ್ರದ ವಿಷಯದಲ್ಲಿ ತಾಳ್ಮೆ ಇನ್ನೂ ಹೆಚ್ಚು ಬೇಕು. ಟರ್ಬಿನಫಿನ್ ಗುಳಿಗೆಯನ್ನು ಕೈಯುಗುರಿಗೆ ಸಾಮಾನ್ಯವಾಗಿ ಆರು ವಾರ, ಕಾಲುಗುರಿಗೆ ಹನ್ನೆರಡು ವಾರ ಕೊಡುತ್ತಾರೆ. ಗುಳಿಗೆ ಮುಗಿದ ದಿನ ಉಗುರು ಹಿಂದಿನಂತೆಯೇ ವಿಕಾರವಾಗಿರುವುದನ್ನು ಕಂಡು ಮದ್ದು ಸೋತಿತೆಂದು ತಿಳಿಯಬಾರದು. ಕೆಟ್ಟ ಭಾಗವು ಸರಿಹೋಗುವುದಿಲ್ಲ, ಬೆಳೆದು ಹೊರಗೆ ಹೋಗಬೇಕು. ಕಾಲಿನ ಹೆಬ್ಬೆರಳಿನಲ್ಲಿ ಹೊಸ ಉಗುರು ಬುಡದಿಂದ ತುದಿಗೆ ಬರಲು ಒಂದು ವರ್ಷದಿಂದ ಒಂದೂವರೆ ವರ್ಷ ಹಿಡಿಯುತ್ತದೆ.