ಗುಮಾಸ್ತೆ ಕೆಲಸಕ್ಕೆ ಯಂತ್ರ: ಮೊದಲು ನಮ್ಮ ಲೆಕ್ಕ ನೇರವಾಗಲಿ



ಕಳೆದ ಆಡಳಿತ ಮಂಡಳಿ ಸಭೆಯಲ್ಲಿ ನಿರ್ದೇಶಕರೊಬ್ಬರು, "ಪಾವತಿ ಕೆಲಸವನ್ನೆಲ್ಲ ಈಗ ಸಾಫ್ಟ್‌ವೇರೇ ಮಾಡುತ್ತದಂತೆ, ನಾವೂ ತರಿಸೋಣ ಕಾರ್ಯದರ್ಶಿಗಳೇ" ಎಂದರು. ಪಕ್ಕದಲ್ಲಿ ಕುಳಿತಿದ್ದ ನಮ್ಮ ಗುಮಾಸ್ತರ ಮುಖ ಸಪ್ಪಗಾಯಿತು. ವಿಷಯವು ಮುಂದಿನ ಸರ್ವಸದಸ್ಯರ ಸಭೆಗೆ ಬರಲಿದೆ. ಇದು ಏನು, ಇದರಿಂದ ಉಪಯೋಗವೆಲ್ಲಿ, ಅಪಾಯವೆಲ್ಲಿ ಎಂಬುದನ್ನು ಮುಂಚಿತವಾಗಿ ತಿಳಿಸುವುದು ನನ್ನ ಕರ್ತವ್ಯವೆಂದು ಭಾವಿಸಿದ್ದೇನೆ.

ಇದರ ಹೆಸರು ರೋಬಾಟಿಕ್ ಪ್ರೋಸೆಸ್ ಆಟೊಮೇಷನ್. ಹೆಸರಿನಲ್ಲಿ ರೋಬಾಟ್ ಇದ್ದರೂ ಇದು ಕೈಕಾಲುಳ್ಳ ಯಂತ್ರವಲ್ಲ, ಕಂಪ್ಯೂಟರಿನೊಳಗಿನ ಒಂದು ಸಾಫ್ಟ್‌ವೇರ್. ಗುಮಾಸ್ತರು ಮಾಡುವಂತೆಯೇ ಒಂದು ಕಡತ ತೆರೆದು, ಅಂಕಿ ಓದಿ, ಇನ್ನೊಂದು ಕಡತದಲ್ಲಿ ತುಂಬಿ, ಮುಂದಿನ ಗುಂಡಿ ಒತ್ತುತ್ತದೆ. ಹಾಲಿನ ಡೇರಿಗಳಲ್ಲಿ ತೂಕವೂ ಫ್ಯಾಟೂ ನೇರವಾಗಿ ಕಂಪ್ಯೂಟರಿಗೆ ಹೋಗಿ ಚೀಟಿ ಬರುವುದನ್ನು ನೀವು ನೋಡಿದ್ದೀರಿ. ಅಲ್ಲಿ ಯಂತ್ರ ತಾನೇ ಅಳೆಯುತ್ತದೆ. ಇಲ್ಲಿ ನಾವು ಅಳೆದು ಬರೆದಿಟ್ಟದ್ದನ್ನು ದಾಟಿಸುತ್ತದೆ, ಅಷ್ಟೆ. ಬ್ಯಾಂಕುಗಳು, ವಿಮಾ ಕಂಪನಿಗಳು ಇದನ್ನು ಬಳಸುತ್ತಿವೆ. ಬೆಂಗಳೂರಿನ ಇನ್ಫೋಸಿಸ್‌ನ ಅಂಗಸಂಸ್ಥೆ ಎಡ್ಜ್‌ವರ್ವ್ ಕೂಡ ಅಸಿಸ್ಟ್‌ಎಡ್ಜ್ ಎಂಬ ಇಂಥ ಸಾಫ್ಟ್‌ವೇರ್ ತಯಾರಿಸಿದೆ.

ಇದಕ್ಕೆ ದಣಿವಿಲ್ಲ, ಬೇಸರವಿಲ್ಲ. ಆದರೆ ವಿವೇಚನೆಯೂ ಇಲ್ಲ. ಒಮ್ಮೆ ನಮ್ಮ ಸಂಘದಲ್ಲಿ ಒಂದೇ ಊರಿನ, ಒಂದೇ ಹೆಸರಿನ ಇಬ್ಬರು ಸದಸ್ಯರಲ್ಲಿ ಒಬ್ಬರ ಅಡಿಕೆ ಹಣ ಇನ್ನೊಬ್ಬರ ಖಾತೆಗೆ ಹೋಯಿತು. ಪಟ್ಟಿಗೆ ರುಜು ಹಾಕಿದವನು ನಾನೇ. ಸಾಗುವಳಿ ಖರ್ಚಿಗೆ ಕಾದಿದ್ದ ಆ ಹಿರಿಯರು ಎರಡು ವಾರ ಸಂಘಕ್ಕೆ ಅಲೆದರು. ಸದಸ್ಯ ಸಂಖ್ಯೆ ಬರೆಯದೆ ಬರೀ ಹೆಸರಿನ ಮೇಲೆ ಪಟ್ಟಿ ಮಾಡುವ ನಮ್ಮ ಹಳೆಯ ರೂಢಿಯೇ ಇದಕ್ಕೆ ಕಾರಣ. ಅದೇ ಪಟ್ಟಿಯನ್ನು ಸಾಫ್ಟ್‌ವೇರಿಗೆ ಕೊಟ್ಟಿದ್ದರೆ ಪ್ರತಿ ಪಾವತಿಯಲ್ಲೂ ಅದೇ ತಪ್ಪು ನಡೆಯುತ್ತಿತ್ತು.

ನಮ್ಮ ರಾಜ್ಯದ "ಭೂಮಿ" ಯೋಜನೆ ಈ ಬಗೆಯ ಸಾಫ್ಟ್‌ವೇರ್ ಅಲ್ಲ, ಆದರೆ ಅದು ಕಲಿಸುವ ಪಾಠ ಇದೇ. 1991ರಲ್ಲಿ ಅಂದಿನ ಗುಲ್ಬರ್ಗಾದಲ್ಲಿ ಭೂದಾಖಲೆಗಳ ಗಣಕೀಕರಣದ ಪ್ರಯೋಗ ಆರಂಭವಾಯಿತು. ಖಾತೆ ಬದಲಾವಣೆ ನಡೆಯುವುದು ತಾಲ್ಲೂಕು ಕಚೇರಿಯಲ್ಲಿ, ಕಂಪ್ಯೂಟರಿಗೆ ಮಾತ್ರ ಅಲ್ಲಿ ಏರ್ಪಾಡಿರಲಿಲ್ಲ. ಹೀಗಾಗಿ ಒಮ್ಮೆ ತುಂಬಿದ ಮಾಹಿತಿ ಹಳತಾಯಿತು. 2000ರ ಹೊತ್ತಿಗೆ ಬಂದ "ಭೂಮಿ"ಯಲ್ಲಿ ಕೆಲಸದ ಕ್ರಮವನ್ನೇ ಬದಲಿಸಿದರು. ಸುಮಾರು 2 ಕೋಟಿ ದಾಖಲೆಗಳನ್ನು ತುಂಬಿ, ತಾಲ್ಲೂಕು ಕಚೇರಿಯಲ್ಲೇ ಕೇಂದ್ರ ತೆರೆದು, ಕೈಬರಹದ ಪಹಣಿಗೆ ಮಾನ್ಯತೆ ನಿಲ್ಲಿಸಿದರು. ಖಾತೆ ಬದಲಾವಣೆಯ ಅರ್ಜಿಗಳಿಗೆ ಸರದಿ ಬಂತು, ಸಿಬ್ಬಂದಿಗೆ ಬೆರಳಚ್ಚಿನ ಗುರುತು ಕಡ್ಡಾಯವಾಯಿತು. ಆಗಿನ್ನೂ ಚಿಂತಾಮಣಿ, ಶಿಡ್ಲಘಟ್ಟ, ಗೌರಿಬಿದನೂರು, ಚಿಕ್ಕಬಳ್ಳಾಪುರ ತಾಲ್ಲೂಕುಗಳು ಕೋಲಾರ ಜಿಲ್ಲೆಯಲ್ಲಿದ್ದವು. ನಮ್ಮ ಜಿಲ್ಲೆಯಾದದ್ದು 2007ರಲ್ಲಿ. ಪಹಣಿಗಾಗಿ ಕಾಯುವುದು ತಪ್ಪಿತು, ನಿಜ. ಆದರೆ ಹಳೆಯ ಪುಸ್ತಕದ ತಪ್ಪುಗಳು ಕಂಪ್ಯೂಟರಿಗೂ ಬಂದ ಕಡೆಗಳಲ್ಲಿ ರೈತರು ತಿದ್ದುಪಡಿಗೆ ಅಲೆಯಬೇಕಾಯಿತು.

ಆದುದರಿಂದ ನಾವು ಅನುಸರಿಸಬೇಕಾದ ಕ್ರಮ ಹೀಗಿರಲಿ ಎಂಬುದು ನನ್ನ ಸಲಹೆ.

1. ಒಂದೇ ಕೆಲಸದಿಂದ ಆರಂಭಿಸುವುದು. ತೂಕದ ಚೀಟಿಯಿಂದ ಪಾವತಿ ಪಟ್ಟಿ ತಯಾರಿಸುವುದು ಇದಕ್ಕೆ ತಕ್ಕದ್ದು. ಇದು ದಿನವೂ ನಡೆಯುತ್ತದೆ, ನಿಯಮ ಸ್ಪಷ್ಟವಾಗಿದೆ. ಅಡಿಕೆ, ಕಾಫಿಯ ದರ್ಜೆ ನಿರ್ಣಯ ಹಾಗಲ್ಲ. ಅದು ಅನುಭವಿಯ ಕಣ್ಣಿನ ಕೆಲಸ.

2. ತರಿಸುವ ಮುನ್ನ ಸದಸ್ಯ ಸಂಖ್ಯೆ, ಖಾತೆ ಸಂಖ್ಯೆ, ಮುಂಗಡ ಬಾಕಿ, ಇವನ್ನೆಲ್ಲ ತಾಳೆ ನೋಡುವುದು. ಎರಡು ಕಡೆ ಬರೆಯುವ ಲೆಕ್ಕವನ್ನು ಒಂದೇ ಕಡೆಗೆ ತರುವುದು.

3. ಒಂದು ಕೊಯ್ಲಿನ ಕಾಲ ಕೈಲೆಕ್ಕವನ್ನೂ ಜೊತೆಗೆ ನಡೆಸುವುದು. ತಗುಲಿದ ವೇಳೆ ಮತ್ತು ಸಿಕ್ಕ ತಪ್ಪುಗಳನ್ನು ಬರೆದಿಟ್ಟು, ಖರ್ಚಿನೊಡನೆ ಸಭೆಗೆ ಒಪ್ಪಿಸುವುದು.

4. ಅಂಕಿ ಹೊಂದದಿದ್ದಲ್ಲಿ ಸಾಫ್ಟ್‌ವೇರ್ ಅಲ್ಲಿಯೇ ನಿಂತು ಗುಮಾಸ್ತರಿಗೆ ಒಪ್ಪಿಸಬೇಕು. ಹಣ ಬಿಡುಗಡೆಯ ಅಧಿಕಾರ ಮನುಷ್ಯರಲ್ಲೇ ಇರಬೇಕು. ಪಾಸ್‌ವರ್ಡ್ ಮಾರಾಟಗಾರರ ಕೈಯಲ್ಲಿ ಇರಬಾರದು.

5. ಬ್ಯಾಂಕಿನ ತೆರೆಯ ವಿನ್ಯಾಸ ಬದಲಾದರೆ ಸಾಫ್ಟ್‌ವೇರ್ ದಾರಿ ತಪ್ಪುತ್ತದೆ. ತಿದ್ದುವವರು ಯಾರು, ವರ್ಷಕ್ಕೆ ಖರ್ಚೆಷ್ಟು ಎಂಬುದು ಕರಾರಿನಲ್ಲಿ ಇರಲಿ.

ಇನ್ನು ಗುಮಾಸ್ತರ ವಿಷಯ. ನಕಲು ಮಾಡುವ ಕೆಲಸ ಕಡಿಮೆಯಾಗುವುದು ಖಂಡಿತ, ಅದನ್ನು ಮುಚ್ಚಿಡುವುದು ಸರಿಯಲ್ಲ. ಆದರೆ ಯಾವ ಚೀಟಿಯಲ್ಲಿ ಏನು ತೊಡಕು ಬರುತ್ತದೆಂದು ಬಲ್ಲವರು ಅವರೇ. ಸಾಫ್ಟ್‌ವೇರಿಗೆ ಕೆಲಸ ಕಲಿಸಲು ಅವರನ್ನೇ ಮೊದಲು ಕೂರಿಸಬೇಕು. ಅವರನ್ನು ಹೊರಗಿಟ್ಟರೆ ಯೋಜನೆ ಮೊದಲ ಕೊಯ್ಲಿಗೇ ನಿಲ್ಲುತ್ತದೆ. ಉಳಿದ ವೇಳೆಯನ್ನು ಸಾಲ, ವಿಮೆಯ ಅರ್ಜಿಗಳಿಗೆ ನೆರವಾಗಲು ಬಳಸಬೇಕೆಂದೂ, ಯಾರನ್ನೂ ಬಿಡಿಸಬಾರದೆಂದೂ ಠರಾವಿನಲ್ಲೇ ಸೇರಿಸಬೇಕೆಂದು ನಾನು ಸಭೆಯಲ್ಲಿ ಕೇಳಿಕೊಳ್ಳುವವನಿದ್ದೇನೆ.

ಸಭೆಗೆ ಬರುವಾಗ ಪ್ರತಿಯೊಬ್ಬರೂ ಬ್ಯಾಂಕ್ ಪಾಸ್‌ಪುಸ್ತಕ ಹಾಗೂ ಸದಸ್ಯತ್ವದ ಚೀಟಿ ತಂದು, ಸಂಘದ ಪುಸ್ತಕದಲ್ಲಿರುವ ನಿಮ್ಮ ಹೆಸರು, ಸಂಖ್ಯೆಗಳನ್ನು ಸರಿನೋಡಬೇಕಾಗಿ ವಿನಂತಿ. ಸಾಫ್ಟ್‌ವೇರ್ ಬರಲಿ, ಬಾರದಿರಲಿ, ಈ ಕೆಲಸ ಬಾಕಿ ಉಳಿಯಬಾರದು.

— ಕಾರ್ಯದರ್ಶಿ